ಪುಟ್ಟ ನಾಯಿಗೆ ಜಗ್ಗದೆ, ಹೊಡೆಯದೆ ಕಲಿಸುವುದು ಹೇಗೆ?

ಮೂರು ಕೆಜಿ ತೂಗುವ ಪೊಮೇರಿಯನ್ ಕುತ್ತಿಗೆಗೆ ಬೆಲ್ಟ್ ಹಾಕಿ, ಮೂವತ್ತು ಕೆಜಿ ಲ್ಯಾಬ್ರಡಾರನ್ನು ಜಗ್ಗುವ ಹಾಗೆ ಜಗ್ಗುವವರು ಯಾವ ಬಡಾವಣೆಯ ಪಾರ್ಕಿಗೆ ಬೆಳಿಗ್ಗೆ ಹೋದರೂ ಕಣ್ಣಿಗೆ ಬೀಳುತ್ತಾರೆ. ಇವರೇನೂ ಕ್ರೂರಿಗಳಲ್ಲ. ಮನೆಗೆ ಹೋಗಿ ಅದೇ ನಾಯಿಗೆ ಕೋಳಿ ಬೇಯಿಸಿ ಹಾಕುತ್ತಾರೆ, ಮಂಚದ ಮೇಲೆ ಪಕ್ಕದಲ್ಲೇ ಮಲಗಿಸಿಕೊಳ್ಳುತ್ತಾರೆ. ಯಾರೋ ಟ್ರೈನರ್ ಹೇಳಿಕೊಟ್ಟಿದ್ದು, ಯೂಟ್ಯೂಬಿನಲ್ಲಿ ನೋಡಿದ್ದು, ಅಪ್ಪ ಹಿಂದೆ ಕಾವಲು ನಾಯಿಗೆ ಮಾಡುತ್ತಿದ್ದದ್ದು, ಅದನ್ನೇ ಮಾಡುತ್ತಿರುತ್ತಾರೆ ಅಷ್ಟೆ. ಆದರೆ ಪಗ್, ಶಿಟ್ಜು, ಡ್ಯಾಶ್‌ಹೌಂಡ್, ಚಿವಾವಾ, ಪೊಮೇರಿಯನ್ ಅಂದರೆ ದೊಡ್ಡ ನಾಯಿಯನ್ನು ಕುಗ್ಗಿಸಿ ಇಟ್ಟದ್ದಲ್ಲ. ಅವುಗಳ ಕುತ್ತಿಗೆ ಬೇರೆ, ಬೆನ್ನು ಬೇರೆ, ಹೊಟ್ಟೆ ಬೇರೆ.

ಹಾಗಾದರೆ ಯಾವ ವಿಧಾನ ಸರಿ ಅಂತ ಹೇಗೆ ಗೊತ್ತಾಗಬೇಕು? ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದನ್ನು ನಾನು ತಪ್ಪಾಗಿ ಮಾಡಿದರೆ ನಾಯಿಗೆ ಏನಾಗುತ್ತದೆ? ತಿನಿಸು ಕೊಡುವುದನ್ನು ತಪ್ಪು ಸಮಯಕ್ಕೆ ಮಾಡಿದರೆ ನಾಯಿ ಒಂದು ಚೂರು ಜಾಸ್ತಿ ತಿನ್ನುತ್ತದೆ. ಬೆಲ್ಟ್ ಜಗ್ಗುವುದನ್ನು ತಪ್ಪು ಸಮಯಕ್ಕೆ, ತಪ್ಪು ಬಲದಲ್ಲಿ ಮಾಡಿದರೆ ಗಂಟಲಿಗೆ ಪೆಟ್ಟು, ಜೊತೆಗೆ ಯಾಕೆ ಪೆಟ್ಟು ಬಿತ್ತು ಅಂತ ಗೊತ್ತಾಗದೆ ಒಂದು ಭಯ. ನಾವೆಲ್ಲ ಮನೆಯಲ್ಲಿ ಕಲಿಸುವವರು, ತಪ್ಪು ಮಾಡೇ ಮಾಡುತ್ತೇವೆ. ಆದ್ದರಿಂದ ತಪ್ಪಿದರೂ ನೋವಾಗದ ವಿಧಾನವನ್ನೇ ಆರಿಸಿಕೊಳ್ಳಬೇಕು.

1. ಮೊದಲು ಮೈ ತಿಳಿದುಕೊಳ್ಳಿ

ಸಣ್ಣ ತಳಿಗಳಲ್ಲಿ ಶ್ವಾಸನಾಳದ ಉಂಗುರಗಳು ಸಡಿಲಾಗಿ ನಾಳ ಚಪ್ಪಟೆಯಾಗುವ ತೊಂದರೆ ಸಾಮಾನ್ಯ. ಪೊಮೇರಿಯನ್, ಯಾರ್ಕ್‌ಶೈರ್ ಟೆರಿಯರ್, ಚಿವಾವಾ ನಾಯಿಗಳಲ್ಲಿ ಜಾಸ್ತಿ. ಬಾತುಕೋಳಿ ಕೂಗಿದ ಹಾಗೆ ಒಣಕೆಮ್ಮು ಬರುತ್ತದೆ, ಅದರಲ್ಲೂ ಬೆಲ್ಟ್ ಎಳೆದಾಗ ಅಥವಾ ತುಂಬಾ ಖುಷಿಯಾದಾಗ. ಇಂಥ ನಾಯಿಯ ಕುತ್ತಿಗೆಗೆ ಏನನ್ನೂ ಕಟ್ಟಿ ಎಳೆಯಬಾರದು, ಮೆಲ್ಲಗೆ ಕೂಡ.

ಪಗ್ ಮತ್ತು ಶಿಟ್ಜುಗಳದ್ದು ಇನ್ನೊಂದು ಕಥೆ. ಮೂತಿ ಚಪ್ಪಟೆ, ಕಣ್ಣು ಉಬ್ಬಿರುತ್ತದೆ, ಕಣ್ಣಿನ ಗುಳಿ ಆಳವಿಲ್ಲ. ಕುತ್ತಿಗೆ ಮೇಲೆ ಒತ್ತಡ ಬಿದ್ದರೆ ಕಣ್ಣಿನೊಳಗಿನ ಒತ್ತಡವೂ ಏರುತ್ತದೆ. ಜಗಳದಲ್ಲೋ, ಕುತ್ತಿಗೆ ಚರ್ಮ ಹಿಡಿದು ಅಲುಗಾಡಿಸಿದಾಗಲೋ ಕಣ್ಣುಗುಡ್ಡೆಯೇ ಹೊರಗೆ ಬರಬಹುದು. ಉಸಿರಾಟ ಮೊದಲೇ ಕಷ್ಟ, ಬಿಸಿಲು ತಡೆಯುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಕಲಬುರಗಿಯಲ್ಲಿ ಪಗ್‌ಗೆ ಹೊರಗಡೆ ಟ್ರೈನಿಂಗ್ ಅನ್ನುವ ಮಾತೇ ಬೇಡ.

ಡ್ಯಾಶ್‌ಹೌಂಡ್‌ಗೆ ಬೆನ್ನು. ಉದ್ದ ಬೆನ್ನು, ಗಿಡ್ಡ ಕಾಲು, ಬೆನ್ನುಮೂಳೆಯ ಮಧ್ಯದ ಡಿಸ್ಕ್ ಬೇಗ ಗಟ್ಟಿಯಾಗಿ ಜಾರುತ್ತದೆ. ಎರಡು ಕಾಲಲ್ಲಿ ನಿಲ್ಲಿಸಿ ನಮಸ್ಕಾರ ಮಾಡಿಸುವುದು, ಸೋಫಾದಿಂದ ಜಿಗಿಸುವುದು, ಮೆಟ್ಟಿಲು ಹತ್ತಿಸಿ ಇಳಿಸುವುದು, ಮೂರೂ ಬೇಡ. ನೋಡುವುದಕ್ಕೆ ಮುದ್ದಾಗಿರುತ್ತದೆ ಅನ್ನುವುದು ನಿಜ, ಆದರೆ ಅದರ ಬೆಲೆ ಹಿಂಗಾಲು. ಪೊಮೇರಿಯನ್, ಚಿವಾವಾಗಳಿಗೆ ಮೊಣಕಾಲ ಚಿಪ್ಪು ಜಾರುವ ತೊಂದರೆ ಇರುತ್ತದೆ. ನಡೆಯುತ್ತಾ ನಡೆಯುತ್ತಾ ಒಂದು ಹಿಂಗಾಲು ಎತ್ತಿ ಕುಂಟಿ, ಮತ್ತೆ ಏನೂ ಆಗದ ಹಾಗೆ ಓಡಿದರೆ ಡಾಕ್ಟರಿಗೆ ತೋರಿಸಿ. ಇಂಥ ನಾಯಿಗೆ ‘ಕೂತ್ಕೋ, ಏಳು’ ಅಂತ ಹತ್ತಾರು ಸಲ ಮಾಡಿಸುವುದೂ ನೋವೇ. ಕೂರಲು ಒಲ್ಲದ ನಾಯಿ ಹಟ ಮಾಡುತ್ತಿದೆ ಅಂತ ತೀರ್ಮಾನಿಸುವ ಮೊದಲು ಕಾಲು ನೋಡಿಸಿ.

ಇನ್ನೊಂದು, ಎರಡು ಮೂರು ತಿಂಗಳ ಪುಟಾಣಿ ಮರಿಗಳ ವಿಷಯ. ಹಸಿದಿದ್ದರೆ ಚೆನ್ನಾಗಿ ಕಲಿಯುತ್ತದೆ ಅಂತ ಊಟ ತಪ್ಪಿಸಿ ಟ್ರೈನಿಂಗ್ ಮಾಡಿಸುವವರಿದ್ದಾರೆ. ಒಂದು ಕೆಜಿ ಮರಿಗೆ ಇದು ಅಪಾಯ. ರಕ್ತದ ಸಕ್ಕರೆ ಕುಸಿದು ಮರಿ ಜೋಲುತ್ತದೆ, ನಡುಗುತ್ತದೆ, ತೂರಾಡುತ್ತದೆ. ಹಾಗಾದರೆ ವಸಡಿಗೆ ಸ್ವಲ್ಪ ಜೇನುತುಪ್ಪ ಅಥವಾ ಸಕ್ಕರೆ ನೀರು ಸವರಿ ತಕ್ಷಣ ಡಾಕ್ಟರ್ ಹತ್ತಿರ ಓಡಬೇಕು. ಮರಿಗೆ ದಿನಕ್ಕೆ ಮೂರು ನಾಲ್ಕು ಸಲ ಊಟ ಕೊಡಿ, ಆ ಊಟದಲ್ಲೇ ಒಂದು ಪಾಲನ್ನು ಕಲಿಸಲು ಬಳಸಿ.

2. ಬೇಡದ ಸಾಮಾನು ಹೊರಗೆ ಹಾಕಿ

ಎಳೆದಷ್ಟೂ ಕುತ್ತಿಗೆ ಬಿಗಿಯುವ ಚೋಕ್ ಚೈನ್, ಒಳಗೆ ಮುಳ್ಳಿರುವ ಪ್ರಾಂಗ್ ಕಾಲರ್, ಶಾಕ್ ಕಾಲರ್, ಬೊಗಳಿದರೆ ಶಾಕ್ ಕೊಡುವ ಪಟ್ಟಿ, ಇವು ಯಾವುದೂ ಬೇಡ. ‘ಕಮ್ಮಿ ಲೆವೆಲ್‌ನಲ್ಲಿ ಇಟ್ಟರೆ ಏನೂ ಆಗಲ್ಲ’ ಅಂತ ಮಾರುವವರು ಹೇಳುತ್ತಾರೆ. ನೋವೋ ಕಿರಿಕಿರಿಯೋ ಆಗದಿದ್ದರೆ ಅದು ಕೆಲಸವೇ ಮಾಡುವುದಿಲ್ಲ, ಅಲ್ವಾ? ವೇಲ್ಸ್ ದೇಶದಲ್ಲಿ 2010ರಲ್ಲೇ ಶಾಕ್ ಕಾಲರ್ ಬಳಕೆಯನ್ನು ನಿಷೇಧಿಸಿದ್ದಾರೆ. ನಮ್ಮಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಇದೆ. ಅದರ 11ನೇ ಸೆಕ್ಷನ್ ಪ್ರಕಾರ ಪ್ರಾಣಿಗೆ ಹೊಡೆಯುವುದು, ಒದೆಯುವುದು ಅಪರಾಧ. ಯಾವಾಗಲೂ ಕಟ್ಟಿಹಾಕಿದ ನಾಯಿಯನ್ನು ಓಡಾಡಿಸದೆ ಬಿಡುವುದೂ ಅದೇ ಸೆಕ್ಷನ್ನಿನಲ್ಲಿದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ.

ಬದಲಿಗೆ ಬೇಕಾದದ್ದು ಒಂದು ಒಳ್ಳೆಯ ಹಾರ್ನೆಸ್, ಅಂದರೆ ಕುತ್ತಿಗೆಗಲ್ಲದೆ ಎದೆಯ ಸುತ್ತ ಹಾಕುವ ಪಟ್ಟಿ. ಎದೆಯ ಮುಂದೆ ಇಂಗ್ಲಿಷಿನ ‘ವೈ’ ಅಕ್ಷರದ ಆಕಾರದಲ್ಲಿ ಬರುವುದನ್ನು ತೆಗೆದುಕೊಳ್ಳಿ. ಭುಜಕ್ಕೆ ಅಡ್ಡಲಾಗಿ ಒಂದೇ ಪಟ್ಟಿ ಇರುವುದು ಕಾಲಿನ ಓಟಕ್ಕೆ ತಡೆ. ಸ್ಮಾಲ್, ಮೀಡಿಯಂ ಅಂತ ನೋಡಿ ಆರ್ಡರ್ ಮಾಡಬೇಡಿ, ಒಂದು ಕಂಪನಿಯ ಸ್ಮಾಲ್ ಇನ್ನೊಂದರ ಮೀಡಿಯಂ ಆಗಿರುತ್ತದೆ. ಟೈಲರ್ ಟೇಪಿನಲ್ಲಿ ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ತೆಗೆಯಿರಿ. ಹಾಕಿದ ಮೇಲೆ ಪಟ್ಟಿಯ ಕೆಳಗೆ ನಿಮ್ಮ ಒಂದು ಬೆರಳು ಸಲೀಸಾಗಿ ಹೋಗಬೇಕು. ತೀರಾ ಪುಟ್ಟ ಚಿವಾವಾಗಳಿಗೆ ಬೆಕ್ಕಿನ ಹಾರ್ನೆಸ್ ಸರಿಹೊಂದುವುದೂ ಉಂಟು. ಲೀಶ್, ಅಂದರೆ ನಾವು ಕೈಯಲ್ಲಿ ಹಿಡಿಯುವ ಹಗ್ಗ, ಹಗುರವಾಗಿರಲಿ. ಕಬ್ಬಿಣದ ಚೈನಿನ ಕೊಕ್ಕೆಯೇ ಎರಡು ಕೆಜಿ ನಾಯಿಗೆ ಭಾರ. ಗುಂಡಿ ಒತ್ತಿದರೆ ಉದ್ದ ಗಿಡ್ಡ ಆಗುವ ಲೀಶ್ ನನಗೆ ಇಷ್ಟವಿಲ್ಲ. ನಾಯಿ ಓಡಿಹೋಗಿ ದಾರ ಮುಗಿದ ಕಡೆ ಒಮ್ಮೆಲೇ ಝಟಕ ಹೊಡೆಯುತ್ತದೆ, ನಮ್ಮ ರಸ್ತೆಗಳಲ್ಲಂತೂ ಅಷ್ಟು ದೂರ ಬಿಟ್ಟರೆ ಸ್ಕೂಟರ್ ಕೆಳಗೇ ಹೋಗುತ್ತದೆ.

ಹಾರ್ನೆಸ್ ತಂದ ದಿನವೇ ಹಾಕಿ ಹೊರಡಬೇಡಿ. ನೆಲದ ಮೇಲಿಟ್ಟು ಮೂಸಲು ಬಿಡಿ. ತಲೆ ತೂರಿಸಿದರೆ ಒಂದು ಚೂರು ತಿಂಡಿ. ಕ್ಲಿಪ್ ಹಾಕುವ ಸದ್ದಿಗೆ ಒಂದು ಚೂರು. ಎರಡು ಮೂರು ದಿನ ಹೀಗೆ ಮಾಡಿದರೆ ಆಮೇಲೆ ಹಾರ್ನೆಸ್ ಕಂಡರೆ ತಾನೇ ಓಡಿ ಬರುತ್ತದೆ.

3. ತಿನಿಸಿನ ಲೆಕ್ಕ

ಒಳ್ಳೆಯದು ಸಿಕ್ಕರೆ ಪ್ರಾಣಿ ಆ ಕೆಲಸವನ್ನು ಮತ್ತೆ ಮಾಡುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ 1930ರ ದಶಕದಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿ ವಿವರಿಸಿದ್ದು ಇದನ್ನೇ. ಮಾಡುವುದು ಹೀಗೆ: ಒಂದು ಚಿಕ್ಕ ಪದ ಆರಿಸಿಕೊಳ್ಳಿ, ‘ಹಾಂ!’ ಅನ್ನಿ ಅಥವಾ ‘ಗುಡ್’ ಅನ್ನಿ. ನಾಯಿ ಸರಿಯಾದದ್ದು ಮಾಡಿದ ಕ್ಷಣವೇ ಆ ಪದ, ಅದರ ಹಿಂದೆಯೇ ತಿನಿಸು. ಪದ ತಡವಾದರೆ ನಾಯಿ ಬೇರೆಯದನ್ನೇ ಕಲಿಯುತ್ತದೆ. ಕೂತಾಗ ಹೇಳಬೇಕಾದ್ದನ್ನು ಎದ್ದ ಮೇಲೆ ಹೇಳಿದರೆ ಏಳುವುದಕ್ಕೇ ಬಹುಮಾನ ಕೊಟ್ಟ ಹಾಗಾಯಿತು.

ಸಣ್ಣ ನಾಯಿಯ ಮನೆಗಳಲ್ಲಿ ಹೆಚ್ಚು ಎಡವುವುದು ತಿನಿಸಿನ ಪ್ರಮಾಣದಲ್ಲಿ. ಮೂರು ಕೆಜಿ ತೂಗುವ, ಪೂರ್ತಿ ಬೆಳೆದ ನಾಯಿಗೆ ದಿನಕ್ಕೆ ಬೇಕಾಗುವುದು ಸುಮಾರು 200ರಿಂದ 250 ಕ್ಯಾಲೊರಿ. ಅದರಲ್ಲಿ ತಿನಿಸಿನ ಪಾಲು ಹತ್ತರಲ್ಲೊಂದು ಮೀರಬಾರದು. ಚರ್ಮ ತೆಗೆದು ಬೇಯಿಸಿದ ಕೋಳಿ ಎದೆಭಾಗ 15 ಗ್ರಾಂ ಹಾಕಿದರೆ ಆ ಪಾಲು ಮುಗಿಯಿತು. ಆದರೆ ಅದೇ 15 ಗ್ರಾಮನ್ನು ತೊಗರಿಕಾಳಿನಷ್ಟು ಚಿಕ್ಕದಾಗಿ ಹೆಚ್ಚಿದರೆ ಐವತ್ತಕ್ಕೂ ಹೆಚ್ಚು ಚೂರು ಸಿಗುತ್ತದೆ. ನಾಯಿಗೆ ಎಷ್ಟು ದೊಡ್ಡದು ಸಿಕ್ಕಿತು ಅನ್ನುವುದಕ್ಕಿಂತ ಎಷ್ಟು ಸಲ ಸಿಕ್ಕಿತು ಅನ್ನುವುದೇ ಮುಖ್ಯ. ಮಾಂಸ ಮಾಡದ ಮನೆಯಾದರೆ ಬೇಯಿಸಿದ ಸಿಹಿಗೆಣಸು, ಕುಂಬಳಕಾಯಿ, ಕ್ಯಾರೆಟ್, ಒಂಚೂರು ಪನೀರ್. ಪನೀರಿನಲ್ಲಿ ಕೊಬ್ಬು ಜಾಸ್ತಿ, ಅದನ್ನು ಕಷ್ಟದ ಪಾಠಕ್ಕೆ ಮಾತ್ರ ಇಟ್ಟುಕೊಳ್ಳಿ. ಉಪ್ಪು, ಒಗ್ಗರಣೆ ಬೇಡ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಕ್ಸೈಲಿಟಾಲ್ ಹಾಕಿದ ಶುಗರ್‌ಫ್ರೀ ತಿಂಡಿ, ಇವು ನಾಯಿಗೆ ವಿಷ. ಮೈ ಚಿಕ್ಕದಾದಷ್ಟೂ ಸ್ವಲ್ಪವೇ ಸಾಕು ಅಪಾಯಕ್ಕೆ. ಪಾಯಸದಲ್ಲಿರುವ ಒಣದ್ರಾಕ್ಷಿ ಯಾರಿಗೂ ನೆನಪಾಗುವುದೇ ಇಲ್ಲ, ಹಬ್ಬದ ದಿನ ಹುಷಾರು.

ಒಂದು ಪಾಠ ಎರಡು ಮೂರು ನಿಮಿಷ, ದಿನಕ್ಕೆ ಎರಡು ಮೂರು ಸಲ. ನೀವು ನೆಲದ ಮೇಲೆ ಕೂತುಕೊಳ್ಳಿ. ಐದೂವರೆ ಅಡಿ ಮನುಷ್ಯ ಮೇಲಿಂದ ಬಗ್ಗಿದರೆ ಅಂಗೈಯಷ್ಟು ಮರಿಗೆ ಹೆದರಿಕೆಯಾಗುತ್ತದೆ. ಕೂರಿಸಲು ಬೆನ್ನು ಒತ್ತಬೇಡಿ. ತಿನಿಸನ್ನು ಮೂಗಿನ ಹತ್ತಿರ ಹಿಡಿದು ನಿಧಾನವಾಗಿ ತಲೆಯ ಹಿಂದಕ್ಕೆ ಸರಿಸಿದರೆ ಮೂಗು ಮೇಲೆ ಹೋಗಿ ಅಂಡು ತಾನೇ ಕೆಳಗೆ ಬರುತ್ತದೆ.

4. ‘ಎತ್ತಲಾ?’ ಅಂತ ಕೇಳಿ

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದು, ಆದರೆ ಯಾವ ಟ್ರೈನಿಂಗ್ ಪಟ್ಟಿಯಲ್ಲೂ ಇದು ಇರುವುದಿಲ್ಲ. ದೊಡ್ಡ ನಾಯಿಯನ್ನು ಯಾರೂ ಸುಮ್ನೆ ಬಂದು ಎತ್ತಿಕೊಳ್ಳುವುದಿಲ್ಲ. ಸಣ್ಣ ನಾಯಿಯನ್ನು ಮನೆಗೆ ಬಂದವರೆಲ್ಲ ಎತ್ತುತ್ತಾರೆ, ಮಕ್ಕಳು ಮುಂಗಾಲು ಹಿಡಿದು ಎತ್ತುತ್ತಾರೆ, ಮಲಗಿದ್ದಾಗಲೂ ಎತ್ತುತ್ತಾರೆ. ನಾಯಿ ಮೊದಲು ಮುಖ ತಿರುಗಿಸುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ, ನಿದ್ದೆ ಬಾರದಿದ್ದರೂ ಆಕಳಿಸುತ್ತದೆ, ಕಣ್ಣಿನ ಬಿಳಿ ಕಾಣುವ ಹಾಗೆ ಓರೆಯಾಗಿ ನೋಡುತ್ತದೆ, ಮೈ ಬಿಗಿ ಮಾಡಿ ನಿಲ್ಲುತ್ತದೆ. ಯಾರೂ ಗಮನಿಸುವುದಿಲ್ಲ. ಕೊನೆಗೆ ಗುರ್ ಅನ್ನುತ್ತದೆ. ಆಗ ಎಲ್ಲರೂ ನಗುತ್ತಾರೆ, ‘ನೋಡು, ಇಷ್ಟುದ್ದ ಇದೆ, ಕೋಪ ನೋಡು’ ಅಂತ. ಇಲ್ಲವೇ ಬೈಯುತ್ತಾರೆ. ಗುರ್ ಅನ್ನುವುದಕ್ಕೆ ಬೈಸಿಕೊಂಡ ನಾಯಿ ಮುಂದಿನ ಸಲ ಗುರ್ ಅನ್ನದೆ ನೇರವಾಗಿ ಕಚ್ಚುತ್ತದೆ.

ಕಲಿಸುವುದು ಸುಲಭ. ಪಕ್ಕದಲ್ಲಿ ಕೂತು ‘ಎತ್ತಲಾ?’ ಅನ್ನಿ, ಎದೆಯ ಕೆಳಗೆ ಕೈ ತಾಗಿಸಿ, ತಿನಿಸು ಕೊಡಿ, ಕೈ ತೆಗೆಯಿರಿ. ಹೀಗೆ ಕೆಲವು ಸಲ ಆದ ಮೇಲೆ ಒಂದು ಕೈ ಎದೆಗೆ, ಇನ್ನೊಂದು ಹಿಂಭಾಗಕ್ಕೆ ಕೊಟ್ಟು ಒಂದಿಂಚು ಎತ್ತಿ ಇಳಿಸಿ, ಮತ್ತೆ ತಿನಿಸು. ನಾಯಿ ಹಿಂದೆ ಸರಿದರೆ ಆ ಹೊತ್ತಿಗೆ ಬಿಟ್ಟುಬಿಡಿ. ಬೆನ್ನು ಯಾವಾಗಲೂ ನೆಲಕ್ಕೆ ಸಮನಾಗಿರಲಿ, ಡ್ಯಾಶ್‌ಹೌಂಡ್‌ಗಂತೂ ಇದು ತಪ್ಪಲೇಬಾರದು. ಉಗುರು ಕತ್ತರಿಸುವುದು, ಕಿವಿ ನೋಡುವುದು, ಶಿಟ್ಜು ಕೂದಲು ಬಾಚುವುದು ಎಲ್ಲವನ್ನೂ ಇದೇ ಕ್ರಮದಲ್ಲಿ ಕಲಿಸಬಹುದು. ಮನೆಗೆ ಬಂದ ಅಕ್ಕಪಕ್ಕದ ಮಕ್ಕಳಿಗೆ ಮೊದಲೇ ಹೇಳಿ: ಪುಟ್ಟಾ, ನೆಲದ ಮೇಲೆ ಕೂತ್ಕೋ, ಅದೇ ಬರಲಿ.

5. ಉಚ್ಚೆ ವಿಷಯ

ಸಣ್ಣ ನಾಯಿಯ ಮೂತ್ರಚೀಲವೂ ಸಣ್ಣದು. ಎರಡು ತಿಂಗಳ ಮರಿ ಎರಡು ಮೂರು ಗಂಟೆಗಿಂತ ಜಾಸ್ತಿ ಹೊತ್ತು ತಡೆಯಲಾರದು. ಎದ್ದ ಕೂಡಲೆ, ಉಂಡ ಮೇಲೆ, ಆಡಿದ ಮೇಲೆ ಜಾಗಕ್ಕೆ ಕರೆದೊಯ್ಯಿರಿ, ಹೊಯ್ದ ತಕ್ಷಣ ಅಲ್ಲೇ ತಿನಿಸು ಕೊಡಿ. ಬಾಲ್ಕನಿಯಲ್ಲಿ ಪೇಪರೋ ಪ್ಯಾಡೋ ಹಾಕಿದರೆ ಜಾಗ ಬದಲಿಸಬೇಡಿ. ತಪ್ಪು ಜಾಗದಲ್ಲಿ ಹೊಯ್ದರೆ ಮಾತಾಡದೆ ಒರೆಸಿ. ಅದರಲ್ಲಿ ಮೂಗು ಉಜ್ಜಿದರೆ ಮರಿ ಕಲಿಯುವುದು ಒಂದೇ, ನಿಮ್ಮೆದುರು ಹೊಯ್ಯಬಾರದು ಅಂತ. ಆಮೇಲೆ ಮಂಚದ ಕೆಳಗೆ ಹೊಯ್ಯುತ್ತದೆ. ಫಿನಾಯಿಲ್ ಹಾಕಿ ಒರೆಸಿದರೆ ನಮಗೆ ವಾಸನೆ ಹೋದ ಹಾಗೆ ಅನ್ನಿಸುತ್ತದೆ, ನಾಯಿಗೆ ಹೋಗಿರುವುದಿಲ್ಲ. ಎನ್‌ಝೈಮ್ ಇರುವ ಕ್ಲೀನರ್ ಪೆಟ್ ಅಂಗಡಿಗಳಲ್ಲಿ ಸಿಗುತ್ತದೆ.

6. ಬೊಗಳುವುದು, ಬೀದಿ ನಾಯಿ, ಪಟಾಕಿ

ಕಾಲಿಂಗ್ ಬೆಲ್‌ಗೆ ಬೊಗಳುವ ನಾಯಿಗೆ ಕಿರುಚಿದರೆ ನೀವೂ ಜೊತೆಗೆ ಬೊಗಳುತ್ತಿದ್ದೀರಿ ಅಂತ ತಿಳಿಯುತ್ತದೆ. ಬದಲಿಗೆ ಬೇರೆ ಕೆಲಸ ಕೊಡಿ. ಒಂದು ಚಿಕ್ಕ ಚಾಪೆ ಹಾಸಿ, ಅದರ ಮೇಲೆ ಹೋದಾಗಲೆಲ್ಲ ತಿನಿಸು. ಅದು ಗಟ್ಟಿಯಾದ ಮೇಲೆ ಮನೆಯವರೇ ಯಾರಾದರೂ ಹೊರಗೆ ನಿಂತು ಬೆಲ್ ಒತ್ತಲಿ, ‘ಚಾಪೆ’ ಅನ್ನಿ, ಹೋದರೆ ನಾಲ್ಕೈದು ಚೂರು ಒಟ್ಟಿಗೆ ಸುರಿಯಿರಿ.

ಮರಿಗೆ ಮೂರನೇ ವಾರದಿಂದ ಹದಿನಾಲ್ಕನೇ ವಾರದವರೆಗೆ ಹೊಸದನ್ನು ಒಪ್ಪಿಕೊಳ್ಳುವ ಮನಸ್ಸು ತೆರೆದಿರುತ್ತದೆ. ಆದರೆ ಆಗ ಲಸಿಕೆ ಪೂರ್ತಿ ಆಗಿರುವುದಿಲ್ಲ, ಪಾರ್ವೊ ಅನ್ನುವ ವೈರಸ್ ಕಾಯಿಲೆಯ ಭಯ ಇರುತ್ತದೆ. ಇಲ್ಲಿ ಸಣ್ಣ ಮರಿ ಇರುವವರಿಗೆ ಅನುಕೂಲವೇ: ಚೀಲದಲ್ಲಿ, ತೋಳಲ್ಲಿ ಎತ್ತಿಕೊಂಡು ಹೋಗಿ ಆಟೋ, ಲಿಫ್ಟ್, ತರಕಾರಿ ಗಾಡಿ, ಹೆಲ್ಮೆಟ್ ಹಾಕಿದವರು ಎಲ್ಲವನ್ನೂ ದೂರದಿಂದ ತೋರಿಸಿ, ತಿನಿಸು ಕೊಡಿ. ನೆಲಕ್ಕೆ ಬಿಡಬೇಡಿ. ರೇಬಿಸ್ ಚುಚ್ಚುಮದ್ದು ಸಾಮಾನ್ಯವಾಗಿ ಮೂರು ತಿಂಗಳಿಗೆ, ಡಾಕ್ಟರ್ ಹೇಳಿದ ದಿನ ತಪ್ಪಿಸಬೇಡಿ.

ಬೀದಿ ನಾಯಿ ಕಂಡ ಕೂಡಲೆ ಗಾಬರಿಯಿಂದ ಲೀಶ್ ಹಿಡಿದು ಮೇಲಕ್ಕೆ ಎಳೆಯುವುದು ಬಹಳ ಜನರ ಅಭ್ಯಾಸ. ನಾಯಿ ಗಾಳಿಯಲ್ಲಿ ನೇತಾಡುತ್ತದೆ. ದೂರದಲ್ಲಿ ಕಂಡಾಗಲೇ ದಾರಿ ಬದಲಿಸಿ, ನಿಮ್ಮ ನಾಯಿ ಅದನ್ನು ನೋಡಿ ನಿಮ್ಮ ಕಡೆ ತಿರುಗಿದರೆ ತಿನಿಸು ಕೊಡಿ. ನಿಜವಾಗಿ ಮೇಲೆ ಬರುತ್ತಿದ್ದರೆ ಎದೆಗೆ ಕೈಕೊಟ್ಟು ಎತ್ತಿಕೊಳ್ಳಿ, ಆಗ ಪಾಠದ ಯೋಚನೆ ಬೇಡ. ದೀಪಾವಳಿಗೆ ಒಂದೆರಡು ತಿಂಗಳು ಮೊದಲೇ ಪಟಾಕಿ ಸದ್ದನ್ನು ಮೊಬೈಲಿನಲ್ಲಿ ಕೇಳಿಯೂ ಕೇಳದಷ್ಟು ಸಣ್ಣದಾಗಿ ಹಾಕಿ, ಊಟದ ಹೊತ್ತಿಗೆ. ದಿನ ಕಳೆದ ಹಾಗೆ ಸ್ವಲ್ಪ ಸ್ವಲ್ಪವೇ ಏರಿಸಿ. ಹಬ್ಬದ ದಿನವೇ ಶುರು ಮಾಡಿದರೆ ಪ್ರಯೋಜನವಿಲ್ಲ.

7. ಮನೆಯವರೆಲ್ಲ ಒಂದೇ ಮಾತು

ವಿಯೆನ್ನಾ ನಗರದಲ್ಲಿ 1,276 ನಾಯಿ ಮಾಲೀಕರಿಂದ ಮಾಹಿತಿ ಪಡೆದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಸಣ್ಣ ನಾಯಿಯ ಮಾಲೀಕರು ದೊಡ್ಡ ನಾಯಿಯವರಿಗಿಂತ ಹೆಚ್ಚು ಅಸ್ಥಿರವಾಗಿ ನಡೆದುಕೊಳ್ಳುತ್ತಾರೆ, ಇವತ್ತು ಬಿಟ್ಟದ್ದಕ್ಕೆ ನಾಳೆ ಬೈಯುತ್ತಾರೆ ಅನ್ನುವ ಅರ್ಥದ್ದು ಅದರಲ್ಲಿ ಕಂಡುಬಂತು. ಶಿಕ್ಷೆ ಜಾಸ್ತಿಯಾದ ಸಣ್ಣ ನಾಯಿಗಳಲ್ಲಿ ಆತಂಕ, ಭಯವೂ ಜಾಸ್ತಿ ಇತ್ತು. ನಮ್ಮ ಮನೆಗಳಲ್ಲೂ ಇದೇ ಅಲ್ವಾ? ಮಗಳು ‘ಸಿಟ್’ ಅನ್ನುತ್ತಾಳೆ, ಅಮ್ಮ ‘ಕೂತ್ಕೊಳೋ’ ಅನ್ನುತ್ತಾರೆ, ಅಜ್ಜಿ ಊಟದ ಮಧ್ಯೆ ಚಪಾತಿ ಚೂರು ಹಾಕುತ್ತಾರೆ, ಅಪ್ಪ ಅದೇ ನಾಯಿ ಟೇಬಲ್ ಹತ್ತಿರ ಬಂದದ್ದಕ್ಕೆ ಗದರುತ್ತಾರೆ. ಐದಾರು ಪದಗಳನ್ನು ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ಅಜ್ಜಿಯನ್ನು ತಡೆಯಲು ಹೋಗಬೇಡಿ, ಅವರ ಕೈಗೇ ದಿನದ ತಿನಿಸಿನ ಡಬ್ಬಿ ಕೊಟ್ಟು ಚಾಪೆಯ ಪಾಠ ಒಪ್ಪಿಸಿ. ಅವರಷ್ಟು ತಾಳ್ಮೆ ಮನೆಯಲ್ಲಿ ಬೇರೆ ಯಾರಿಗೂ ಇರುವುದಿಲ್ಲ.

8. ಟ್ರೈನರ್ ಆರಿಸುವಾಗ

ನಮ್ಮಲ್ಲಿ ಯಾರು ಬೇಕಾದರೂ ಡಾಗ್ ಟ್ರೈನರ್ ಅಂತ ಬೋರ್ಡ್ ಹಾಕಿಕೊಳ್ಳಬಹುದು. ಹಾಗಾಗಿ ನೀವೇ ಕೇಳಬೇಕು. ನಾಯಿ ಸರಿಯಾಗಿ ಮಾಡಿದರೆ ಏನು ಕೊಡುತ್ತೀರಿ? ತಪ್ಪು ಮಾಡಿದರೆ ಏನು ಮಾಡುತ್ತೀರಿ? ಕುತ್ತಿಗೆಗೆ ಏನು ಹಾಕುತ್ತೀರಿ? ಕ್ಲಾಸ್ ನಡೆಯುವಾಗ ನಾನು ಪಕ್ಕದಲ್ಲಿ ಇರಬಹುದಾ? ಕೊನೆಯ ಪ್ರಶ್ನೆಗೆ ಬೇಡ ಅಂದರೆ ಅಲ್ಲಿಗೇ ಮಾತು ಮುಗಿಸಿ. ಒಂದು ತಿಂಗಳು ನಮ್ಮ ಹತ್ತಿರ ಬಿಡಿ, ರೆಡಿ ಮಾಡಿ ಕೊಡುತ್ತೇವೆ ಅನ್ನುವವರ ಬಳಿ ಸಣ್ಣ ನಾಯಿಯನ್ನು ಬಿಡಲೇಬೇಡಿ. ಅಲ್ಲಿ ಏನು ನಡೆಯಿತು ಅಂತ ನಾಯಿ ಬಂದು ಹೇಳುವುದಿಲ್ಲ.

‘ನೀವು ಆಲ್ಫಾ, ಅಂದರೆ ಗುಂಪಿನ ಯಜಮಾನ ಆಗಬೇಕು, ಬೆನ್ನ ಮೇಲೆ ಕೆಡವಿ ಒತ್ತಿ ಹಿಡಿಯಬೇಕು’ ಅನ್ನುವ ಮಾತು ಬಂದರೂ ಎದ್ದು ಬನ್ನಿ. ಈ ಆಲ್ಫಾ ವಿಚಾರ ಹುಟ್ಟಿದ್ದು ಒಂದೇ ಕಡೆ ಕೂಡಿಹಾಕಿದ ತೋಳಗಳನ್ನು ನೋಡಿ. ಅದನ್ನು ಜನಪ್ರಿಯ ಮಾಡಿದವರಲ್ಲಿ ಒಬ್ಬರಾದ, ತೋಳಗಳ ಅಧ್ಯಯನ ಮಾಡುವ ಅಮೆರಿಕದ ವಿಜ್ಞಾನಿ ಡೇವಿಡ್ ಮೆಕ್ ಅವರೇ 1999ರಲ್ಲಿ ಕಾಡಿನ ತೋಳಗಳ ಗುಂಪು ಅಂದರೆ ಅಪ್ಪ, ಅಮ್ಮ, ಮಕ್ಕಳ ಕುಟುಂಬ ಅಂತ ಬರೆದು ಆ ಮಾತನ್ನು ಕೈಬಿಟ್ಟರು. ಅಮೆರಿಕದಲ್ಲಿ 140 ಮಾಲೀಕರನ್ನು ಕೇಳಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊಡೆದ ಅಥವಾ ಒದ್ದವರಲ್ಲಿ 43% ಮಂದಿಗೆ, ಬೆನ್ನ ಮೇಲೆ ಕೆಡವಿದವರಲ್ಲಿ 31% ಮಂದಿಗೆ ನಾಯಿ ತಿರುಗಿ ಬಿದ್ದಿತ್ತು. ಪೋರ್ಚುಗಲ್‌ನಲ್ಲಿ 92 ನಾಯಿಗಳನ್ನು ಗಮನಿಸಿ 2020ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಶಿಕ್ಷೆ ಬಳಸುವ ಶಾಲೆಗಳ ನಾಯಿಗಳ ಜೊಲ್ಲಿನಲ್ಲಿ ಪಾಠದ ನಂತರ ಒತ್ತಡದ ಹಾರ್ಮೋನ್ ಜಾಸ್ತಿ ಸಿಕ್ಕಿತು. ಟ್ರೈನರ್ ಜೊತೆ ವಾದ ಮಾಡುವ ಅಗತ್ಯವಿಲ್ಲ, ಇಷ್ಟು ಗೊತ್ತಿದ್ದರೆ ಬೇಡ ಅನ್ನಲು ಧೈರ್ಯ ಬರುತ್ತದೆ. ದುಡ್ಡು ಮೊದಲೇ ಕಟ್ಟಿದ್ದರೂ ಮಧ್ಯದಲ್ಲಿ ನಿಲ್ಲಿಸಬಹುದು. ಕ್ಲಾಸಿಗೆ ಹೊರಟಾಗ ನಾಯಿ ಬಾಗಿಲ ಹಿಂದೆ ಅಡಗಿದರೆ, ಟ್ರೈನರ್ ದನಿಗೆ ಬಾಲ ಒಳಗೆ ಹಾಕಿದರೆ, ನಿಲ್ಲಿಸಿ.

9. ಪಾಠವಲ್ಲ, ಡಾಕ್ಟರ್ ಬೇಕಾದಾಗ

ಇಷ್ಟು ದಿನ ಸರಿಯಾಗಿದ್ದ ನಾಯಿ ಒಮ್ಮೆಲೇ ಮುಟ್ಟಿದರೆ ಕಚ್ಚಲು ಬಂದರೆ, ಮನೆಯೊಳಗೆ ಮತ್ತೆ ಉಚ್ಚೆ ಹೊಯ್ಯಲು ಶುರು ಮಾಡಿದರೆ, ಕರೆದರೆ ಬರದೆ ಮೂಲೆಯಲ್ಲೇ ಮಲಗಿದರೆ, ಮೊದಲು ಪಶುವೈದ್ಯರಿಗೆ ತೋರಿಸಿ. ಹಲ್ಲು ನೋವು, ಕಿವಿ ಸೋಂಕು, ಮೂತ್ರದ ಸೋಂಕು, ಬೆನ್ನು ನೋವು ಯಾವುದಾದರೂ ಇರಬಹುದು. ಡ್ಯಾಶ್‌ಹೌಂಡ್ ಎತ್ತಿದಾಗ ಕಿರುಚಿದರೆ, ಹಿಂಗಾಲು ಎಳೆದು ನಡೆದರೆ ನಾಳೆ ನೋಡೋಣ ಅನ್ನಬೇಡಿ. ಬುಟ್ಟಿಯಲ್ಲೋ ಗಟ್ಟಿ ಹಲಗೆಯ ಮೇಲೋ ಅಲುಗಾಡದ ಹಾಗೆ ಮಲಗಿಸಿ, ಗಂಟೆಗಳೊಳಗೆ ಆಸ್ಪತ್ರೆ ತಲುಪಿಸಿ. ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ, ಐಬುಪ್ರೊಫೆನ್ ಆಗಲಿ ಪ್ಯಾರಾಸಿಟಮಾಲ್ ಆಗಲಿ. ಹತ್ತಿರದ ಪಶು ಆಸ್ಪತ್ರೆಯ ನಂಬರ್, ರಾತ್ರಿ ತೆರೆದಿರುವ ಕ್ಲಿನಿಕ್‌ನ ನಂಬರ್ ಎರಡನ್ನೂ ಇವತ್ತೇ ಫೋನಿನಲ್ಲಿ ಸೇವ್ ಮಾಡಿಟ್ಟುಕೊಳ್ಳಿ.